ಮೊದಲು ಯಾವ ಸಪ್ಲೈಯರ್ ಜೊತೆ ಕೂರಬೇಕು?

ಪ್ರಶ್ನೆ: ನಮಸ್ಕಾರ. ಪುಣೆಯ ಹಿಂಜವಡಿಯಲ್ಲಿ ಹನ್ನೆರಡು ಮಹಡಿಯ ಎರಡು ಟವರ್ ಕಟ್ಟುತ್ತಿದ್ದೇವೆ. ನಾನು ಖರೀದಿ ವಿಭಾಗದಲ್ಲಿದ್ದೇನೆ, ಊರು ಇಂಡಿ. ನಲವತ್ತು ಸಪ್ಲೈಯರ್‌ಗಳಿದ್ದಾರೆ. ಮೂರ್ನಾಲ್ಕು ಜನರನ್ನು ಆರಿಸಿಕೊಂಡು, ಅವರ ಕೆಲಸ ಸುಧಾರಿಸಲು ನೀವೇ ಕೈ ಜೋಡಿಸಿ ಎಂದು ಸಾಹೇಬರು ಹೇಳಿದ್ದಾರೆ. ಜಾಸ್ತಿ ದುಡ್ಡು ಹೋಗುವುದು ಸಿಮೆಂಟಿಗೆ, ಸ್ಟೀಲಿಗೆ. ಅಲ್ಲಿಂದಲೇ ಶುರು ಮಾಡಬೇಕಲ್ವಾ?

ಉತ್ತರ: ಬೇಡ. ದೊಡ್ಡ ಸಿಮೆಂಟ್ ಕಂಪನಿ ನಿಮ್ಮ ಎರಡು ಟವರ್‌ಗಾಗಿ ಏನನ್ನೂ ಬದಲಿಸುವುದಿಲ್ಲ. ಅಲ್ಲಿ ರೇಟು ಮಾತಾಡಿ, ಸಾಕು. 1983ರಲ್ಲೇ ಪೀಟರ್ ಕ್ರಾಲಿಚ್ ಎಂಬ ಸಲಹೆಗಾರರು ಖರೀದಿಯನ್ನು ಎರಡು ಕಡೆಯಿಂದ ಅಳೆಯಿರಿ ಎಂದರು: ಲಾಭದ ಮೇಲೆ ಅದರ ಭಾರ ಎಷ್ಟು, ಮಾಲು ಸಿಗದೇ ಹೋಗುವ ಅಪಾಯ ಎಷ್ಟು. ನಾವು ಬರೀ ಮೊದಲನೆಯದನ್ನು ನೋಡುತ್ತೇವೆ.

ರೆಡಿಮಿಕ್ಸ್, ಅಂದರೆ ಪ್ಲಾಂಟಿನಲ್ಲೇ ಕಲಸಿ ಲಾರಿಯಲ್ಲಿ ಬರುವ ಕಾಂಕ್ರೀಟ್, ತಗೊಳ್ಳಿ. ಸಿಮೆಂಟಿಗೆ ನೀರು ಬಿದ್ದ ಎರಡು ಗಂಟೆಯೊಳಗೆ ಕಾಂಕ್ರೀಟ್ ಲಾರಿಯಿಂದ ಇಳಿಯಬೇಕು ಎಂಬುದು ಇದಕ್ಕಿರುವ ಭಾರತೀಯ ಮಾನದಂಡ ಐಎಸ್ 4926ರ ಸಾಮಾನ್ಯ ನಿಯಮ. ಪಕ್ಕದ ವಾಕಡ್ ರಸ್ತೆಯ ಸಂಜೆ ಟ್ರಾಫಿಕ್ ನಿಮಗೆ ಗೊತ್ತು. ಹಾಗಾಗಿ ದೂರದ ಪ್ಲಾಂಟ್ ಲೆಕ್ಕಕ್ಕೇ ಬರುವುದಿಲ್ಲ. ಹತ್ತಿರ ಇರುವ ಒಬ್ಬಿಬ್ಬರನ್ನು ಬೆಳೆಸಿಕೊಳ್ಳಲೇಬೇಕು.

ನನ್ನ ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಬರುವವರು ಅಲ್ಯುಮಿನಿಯಂ ಕಿಟಕಿಯವರು. ದುಡ್ಡು ಕಡಿಮೆ, ಆದರೆ ಅವರು ನಿಂತರೆ ಒಳಗಿನ ಪೇಂಟಿಂಗ್ ನಿಲ್ಲುತ್ತದೆ, ಫ್ಲ್ಯಾಟ್ ಕೊಡುವುದು ನಿಲ್ಲುತ್ತದೆ. ಅರ್ಧದಲ್ಲಿ ಬೇರೆಯವರನ್ನು ತರೋಣ ಅಂದರೆ ಸೆಕ್ಷನ್ (ಫ್ರೇಮಿನ ಅಲ್ಯುಮಿನಿಯಂ ಪಟ್ಟಿಯ ಆಕಾರ) ಹೊಂದುವುದಿಲ್ಲ. ಒಮ್ಮೆ ನಮ್ಮ ಫ್ರೇಮುಗಳು ಸಾಲಾಗಿ ವಾಪಸ್ ಹೋದವು. ಸಿಟ್ಟಿನಲ್ಲಿ ಪುಣೆಯ ಭೋಸರಿಯಲ್ಲಿರುವ ಕಿಟಕಿಯವರ ಶೆಡ್‌ಗೆ ಹೋದೆ. ಅಲ್ಲಿನ ಹುಡುಗ ಕಟಿಂಗ್ ಮಷಿನ್ ಪಕ್ಕದಲ್ಲೇ ಅಂಟಿಸಿದ್ದ ನಮ್ಮ ಡ್ರಾಯಿಂಗ್ ತೋರಿಸಿದ. 1200 ಮಿಲಿಮೀಟರ್ ಅಂದರೆ ಸರಿಯಾಗಿ 1200ಕ್ಕೇ ಲೆಕ್ಕ ಹಿಡಿದು ಕತ್ತರಿಸಿದ್ದ. ಪ್ಲಾಸ್ಟರ್ ದಪ್ಪವಾಗಿ ಸೈಟಿನಲ್ಲಿ ಉಳಿದಿದ್ದು 1185! ತಪ್ಪು ನಮ್ಮದು. ಆಮೇಲೆ ಪ್ರತಿ ಕಿಂಡಿಗೂ ಪ್ಲಾಸ್ಟರ್ ಆದ ನಂತರ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಚಿಕ್ಕದನ್ನು ಬರೆದು ಕಳಿಸಿದೆವು. ವಾಪಸ್ ಹೋಗುವುದು ನಿಂತಿತು.

ಪ್ರಶ್ನೆ: ಎಂ-ಸ್ಯಾಂಡ್‌ನವರು ಎಷ್ಟು ಹೇಳಿದರೂ ಧೂಳು ಮಾಲೇ ಕಳಿಸುತ್ತಾರೆ. ಅವರನ್ನೂ ಸೇರಿಸಲಾ?

ಉತ್ತರ: ಒಮ್ಮೆ ಅವರು ಕಲ್ಲು ಪುಡಿಮಾಡಿ ಮರಳು ಮಾಡುವ ಕ್ರಷರ್‌ಗೆ ಹೋಗಿ, ತೊಳೆಯುವ ವ್ಯವಸ್ಥೆ ಇದೆಯಾ ನೋಡಿ. ಇದ್ದರೆ, ಮಾಲೀಕರಿಗೂ ಮನಸ್ಸಿದ್ದರೆ ಸೇರಿಸಿ. ಮನಸ್ಸಿಲ್ಲದವರ ಹಿಂದೆ ಸುಮ್ನೆ ವರ್ಷ ಕಳೆಯಬೇಡಿ, ಬದಲಿಸಿ.

ಇನ್ನೊಂದು ಮಾತು. ಯಾರನ್ನೇ ಆರಿಸಿದರೂ ಮೊದಲು ಅವರ ಬಾಕಿ ಬಿಲ್ ನೋಡಿ. ಎಂಎಸ್‌ಎಂಇ ಕಾಯ್ದೆಯಡಿ ಕಿರು, ಸಣ್ಣ ಉದ್ಯಮಕ್ಕೆ ದುಡ್ಡು ಕೊಡಲು, ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಾಲ್ಕು ತಿಂಗಳು ದುಡ್ಡು ಕೊಡದೆ ಹೊಸ ಮಷಿನ್ ಹಾಕು ಅಂದರೆ ಆ ಮನುಷ್ಯ ಎಲ್ಲಿಂದ ತರಬೇಕು?

ಪ್ರಶ್ನೆ: ಈಗ ಫೈಲ್ ತೆಗೆದೆ ಸರ್. ಕಿಟಕಿಯವರ ಬಿಲ್ ಬಾಕಿಯಾಗಿ 97 ದಿನ ಆಗಿದೆ. ನಾಳೆ ಅಕೌಂಟ್ಸ್‌ನಲ್ಲಿ ಕೂರುತ್ತೇನೆ, ಅದಾದ ಮೇಲೇ ಅವರ ಶೆಡ್.