ಹದಿನೇಳರ ಹುಡುಗ ಠಾಣೆಯಲ್ಲಿದ್ದಾನೆ, ಮೊದಲು ಏನು ಮಾಡಬೇಕು?

ಸಿಂಧನೂರು ಅಕ್ಕ: ನನ್ನ ತಂಗಿ ಮಗನನ್ನು ನಿನ್ನೆ ಸಂಜೆ ಪೊಲೀಸರು ಕರೆದುಕೊಂಡು ಹೋಗಿದ್ದಾರೆ. ಪಂಪ್‌ಸೆಟ್ ಕೇಬಲ್ ಕದ್ದ ಕೇಸು. ಜೊತೆಗೆ ಇಪ್ಪತ್ತು ದಾಟಿದ ಇಬ್ಬರಿದ್ದಾರೆ. ಇವನು ಪಿಯುಸಿ, ಇನ್ನೂ ಹದಿನೇಳು. ಊರ ಹಿರಿಯರು 'ಸ್ಟೇಷನ್ನಲ್ಲೇ ಮುಗಿಸಿಕೊಳ್ಳಿ' ಅಂತಿದ್ದಾರೆ. ತಂಗಿ ಊಟ ಬಿಟ್ಟು ಕೂತಿದ್ದಾಳೆ. ತಿಳಿದವರು ಹೇಳಿ.

ಬಳ್ಳಾರಿ ವಕೀಲ: ಅಕ್ಕಾ, ಸ್ಟೇಷನ್ನಲ್ಲಿ ಮುಗಿಸುವ ಮಾತು ಬಿಡಿ. 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ಹದಿನೆಂಟು ತುಂಬದವನನ್ನು ಲಾಕಪ್ಪಿಗೆ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು, ಅಂದ್ರೆ ಇವತ್ತು ಸಂಜೆಯೊಳಗೆ. ಪ್ರಯಾಣದ ಹೊತ್ತು ಅದಕ್ಕೆ ಸೇರಲ್ಲ. ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಅಂತ ಕೇಳಿ, ಅವರ ಹತ್ತಿರವೇ ಮಾತಾಡಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ದುಡ್ಡಿನ ಚಿಂತೆ ಬೇಡ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. 15100ಕ್ಕೆ ಫೋನ್ ಮಾಡಿ. ಬೇಲ್ ಸಾಮಾನ್ಯವಾಗಿ ಸಿಗುತ್ತದೆ. ಬಿಟ್ಟರೆ ಕೆಟ್ಟ ಸಹವಾಸಕ್ಕೆ ಬೀಳುತ್ತಾನೆ ಅನ್ನುವಂಥ ಕೆಲವೇ ಕಾರಣಕ್ಕೆ ತಡೆಯಬಹುದು. ಅದಕ್ಕೇ ಅಪ್ಪ ಅಮ್ಮ ಇಬ್ಬರೂ ಹೋಗಲಿ.

ಸಿರವಾರ ರೈತ: 'ಬೇಲ್ ಸಾಮಾನ್ಯವಾಗಿ ಸಿಗುತ್ತದೆ.' ಚೆನ್ನಾಗಿದೆ. ಕೇಬಲ್ ಕಳೆದುಕೊಂಡವನಿಗೆ ಏನು ಸಿಗುತ್ತದೆ ಸ್ವಾಮಿ? ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದವರು ನಾವು. ನೀರು ಬಂದ ದಿನವೇ ಮೋಟರ್ ನಿಂತರೆ ಬೆಳೆ ಹೋಯ್ತು. ಇವರು ತಾಮ್ರಕ್ಕೋಸ್ಕರ ಕೇಬಲ್ ಸುಟ್ಟು ಗುಜರಿಗೆ ಹಾಕುತ್ತಾರೆ. ಬದುವಿನ ಮೇಲೆ ಕರೀ ಬೂದಿ ಬಿದ್ದಿರುತ್ತದೆ, ಅಷ್ಟೇ.

ಕುಷ್ಟಗಿ ಮೇಷ್ಟ್ರು: ಅಕ್ಕಾ, ಇವರ ಮಾತಿಗೆ ಕಿವಿ ಕೊಡಬೇಡಿ. ಮೊದಲು ವಯಸ್ಸಿನ ದಾಖಲೆ ಹಿಡಿದುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇದ್ದರೆ ಸಾಕು. ಆಧಾರ್ ಬೇಡ.

ಸಿಂಧನೂರು ಅಕ್ಕ: ಅದೇ ತೊಂದರೆ ಸರ್. ಆಧಾರ್‌ನಲ್ಲಿ ಹದಿನೆಂಟು ದಾಟಿದೆ. ಅಂಕಪಟ್ಟಿಯಲ್ಲಿ ಜೂನ್ 1 ಅಂತಿದೆ, ಆ ಲೆಕ್ಕಕ್ಕೆ ಹದಿನೇಳು.

ಸಿರವಾರ ರೈತ: ಜೂನ್ 1! ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೇ. ಮೇಷ್ಟ್ರು ಪೆನ್ನಿಗೆ ತೋಚಿದ ವಯಸ್ಸು ಅದು. ಅದನ್ನು ನಂಬಿ ಮೀಸೆ ಬಂದವನನ್ನು ಮಗು ಅನ್ನಬೇಕಾ?

ಕುಷ್ಟಗಿ ಮೇಷ್ಟ್ರು: ಪೆನ್ನಿಗೆ ತೋಚಿದ್ದು ಅಂದ್ರೆ ಏನ್ರೀ? ಹೊಲದಿಂದ ನೇರ ಶಾಲೆಗೆ ಬಂದ ತಾಯಿ 'ನೆರೆ ಬಂದ ವರ್ಷ ಹುಟ್ಟ್ಯಾನ್ರಿ' ಅಂತಾಳೆ. 2009ರ ನೆರೆ ಅಂತ ನಾವೇ ಅರ್ಥ ಮಾಡಿಕೊಳ್ಳಬೇಕು. ಜನನ ಪತ್ರ ಇಲ್ಲ. ದಾಖಲಾತಿ ಪುಸ್ತಕದಲ್ಲಿ ಆ ಕಾಲಂ ಖಾಲಿ ಬಿಡೋಕಾಗುತ್ತಾ? ನೀವಾಗಿದ್ದರೆ ಏನು ಬರೀತಿದ್ರಿ?

ಸಿರವಾರ ರೈತ: 'ಖಾಲಿ ಬಿಡೋಕಾಗುತ್ತಾ.' ಅಂದಾಜು ಅಂತ ನೀವೇ ಒಪ್ಪಿಕೊಂಡ್ರಿ. ಮುಗೀತು.

ಬಳ್ಳಾರಿ ವಕೀಲ: ಅಂದಾಜೋ ಅಲ್ಲವೋ, ಬಾಲ ನ್ಯಾಯ ಕಾಯ್ದೆಯ 94ನೇ ಕಲಂ ಕ್ರಮ ಹೇಳಿದೆ. ಮೊದಲು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ. ಅದಿಲ್ಲದಿದ್ದರೆ ಪಂಚಾಯಿತಿ, ಪುರಸಭೆಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಅದರಲ್ಲಿ ಇಲ್ಲವೇ ಇಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆಧಾರ್‌ಗಿಂತ ಶಾಲೆ ದಾಖಲೆಯನ್ನೇ ಹಿಡಿದಿದೆ. ನೋಡುವುದು ಕಳ್ಳತನ ನಡೆದ ದಿನದ ವಯಸ್ಸು, ಹಿಡಿದ ದಿನದ್ದಲ್ಲ.

ಕೊಪ್ಪಳ ಲಾ ಸ್ಟೂಡೆಂಟ್: ಸರ್, ಅದು ರಸ್ತೆ ಅಪಘಾತದ ಪರಿಹಾರದ ಕೇಸು. ಅರ್ಧ ಹೇಳಬೇಡಿ.

ಬಳ್ಳಾರಿ ವಕೀಲ: ಆ ತೀರ್ಪಲ್ಲೂ ಇದೇ 94ನೇ ಕಲಂ ಎತ್ತಿದ್ದಾರೆ. ಪೂರ್ತಿ ಓದಿಕೊಂಡು ಬಾ ತಮ್ಮಾ.

ಕೊಪ್ಪಳ ಲಾ ಸ್ಟೂಡೆಂಟ್: 'ತಮ್ಮಾ' ಎಲ್ಲಾ ಬೇಡ. ಅನುಮಾನಕ್ಕೆ ಕಾರಣ ಇದ್ದರೆ ಮಂಡಳಿ ಸಾಕ್ಷ್ಯ ಕೇಳುತ್ತದೆ ಅಂತಲೂ ಅದೇ ಕಲಂನಲ್ಲಿದೆ. ಅದನ್ನು ನುಂಗಿಬಿಟ್ರಿ.

ಸಿರವಾರ ರೈತ: ನುಂಗಿದ್ದು ವಕೀಲರು! ಬರೆದಿಟ್ಟುಕೊಳ್ಳಿ.

ಕುಷ್ಟಗಿ ಮೇಷ್ಟ್ರು: ಅಲ್ಲ ರೈತರೇ, ನಿಮ್ಮ ಹುಟ್ಟಿದ ದಿನ ಯಾವುದು?

ಸಿರವಾರ ರೈತ: ಅದು ಇಲ್ಲಿ ಯಾಕೆ?

ಕುಷ್ಟಗಿ ಮೇಷ್ಟ್ರು: ಜೂನ್ 1, ಅಲ್ವಾ?

ಸಿರವಾರ ರೈತ: ನಾನು ಯಾರ ಕೇಬಲ್ಲೂ ಕದ್ದಿಲ್ಲ.

ರಾಯಚೂರು ಅಮ್ಮ: ಹುಟ್ಟುಹಬ್ಬ ಆಮೇಲೆ ಮಾಡಿಕೊಳ್ಳಿ. ಅಕ್ಕಾ, ದೊಡ್ಡವರ ಜೊತೆ ಸೇರಿಸಿ ಎಫ್‌ಐಆರ್ ಆಗಿದ್ದರೂ ಇವನ ವಿಚಾರಣೆ ಬೇರೆಯೇ ನಡೆಯಬೇಕು. ಪರಿವೀಕ್ಷಣಾಧಿಕಾರಿ, ಅಂದ್ರೆ ಪ್ರೊಬೇಷನ್ ಆಫೀಸರ್, ಮನೆ ಪರಿಸ್ಥಿತಿ ವಿಚಾರಿಸಿ ವರದಿ ಬರೀತಾರೆ. ಅವರ ಮುಂದೆ 'ಇವನು ಹುಟ್ಟಿದಾಗಿಂದ ಹಿಂಗೇ' ಅಂತ ಬೈಯಬೇಡಿ, ಸುಳ್ಳೂ ಹೇಳಬೇಡಿ. ಕಾಲೇಜಿನ ಹಾಜರಿ ತೆಗೆಸಿಡಿ. ಹೆಸರು, ಫೋಟೋ ಹೊರಗೆ ಹಾಕುವುದು 74ನೇ ಕಲಂ ಪ್ರಕಾರ ಅಪರಾಧ.

ಸಿಂಧನೂರು ಅಕ್ಕ: ಫೋಟೋ ಬೆಳಿಗ್ಗೆಯೇ ಊರ ವಾಟ್ಸಾಪ್ ಗ್ರೂಪಲ್ಲಿ ಬಂದಿದೆ. ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕ್ತೀನಿ ಅಂತಿದ್ದ ಹುಡುಗ. ಎಲ್ಲಾ ಹೋಯ್ತಾ?

ಬಳ್ಳಾರಿ ವಕೀಲ: ಎಲ್ಲಿ ಹೋಯ್ತು? ಈ ಕಾಯ್ದೆಯಲ್ಲಿ ತೀರ್ಮಾನವಾದ ಇಂಥ ಕೇಸು ಮುಂದೆ ಅನರ್ಹತೆ ಆಗುವಂತಿಲ್ಲ, 24ನೇ ಕಲಂ. ಗ್ರೂಪಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಸಿರವಾರ ರೈತ: ಫೋಟೋ ಆಯ್ತು, ನೌಕರಿ ಆಯ್ತು. ಕೇಬಲ್ ದುಡ್ಡು?

ಬಳ್ಳಾರಿ ವಕೀಲ: ಮಂಡಳಿ ತಂದೆ ತಾಯಿಗೆ ದಂಡ ಹಾಕಬಹುದು, 18ನೇ ಕಲಂ.

ಸಿರವಾರ ರೈತ: ನಾನು ದಂಡ ಕೇಳಿಲ್ಲ. ಕೇಬಲ್ ದುಡ್ಡು ಕೇಳಿದೆ.

ಸಿಂಧನೂರು ಅಕ್ಕ: ಠಾಣೆಯಿಂದ ಫೋನ್ ಬಂತು, ಮಂಡಳಿಗೆ ಹೊರಟಿದ್ದಾರಂತೆ. ಅಂಕಪಟ್ಟಿ ಒರಿಜಿನಲ್ ಬೇಕಾ, ಜೆರಾಕ್ಸ್ ಸಾಕಾ?

ಬಳ್ಳಾರಿ ವಕೀಲ: ಎರಡೂ ಒಯ್ಯಿರಿ. ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಡಿ. ಠಾಣೆಯವರ ಕೈಗೆ ಒರಿಜಿನಲ್ ಬಿಡಬೇಡಿ.

ಕೊಪ್ಪಳ ಲಾ ಸ್ಟೂಡೆಂಟ್: ಮಂಡಳಿಯೇ ಕೇಳಿದರೆ ಕೊಡಲೇಬೇಕಲ್ವಾ? ಇದನ್ನೂ ಅರ್ಧ ಹೇಳಿದ್ರಿ.