ಮಸಾಯಿ ಮಾರಾಕ್ಕೆ ಹೊರಟಿದ್ದೇನೆ, ಟ್ರೈಪಾಡ್ ಬೇಕಾ? ಇಂಜೆಕ್ಷನ್ ಬೇಕಾ?

ಪ್ರಶ್ನೆ (ಊರು ತೀರ್ಥಹಳ್ಳಿ, ಕೆಲಸ ಮಸ್ಕತ್):
ಜುಲೈ ಮೊದಲ ವಾರ ರಜೆಗೆ ಬರುತ್ತೇನೆ. ಮೂರು ವಾರ ಮನೆಯಲ್ಲಿದ್ದು, ಬೆಂಗಳೂರಿನಿಂದ ನೈರೋಬಿಗೆ ಹೋಗಿ ಆರು ದಿನ ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯದಲ್ಲಿ ಪ್ರಾಣಿಗಳ ಫೋಟೊ ತೆಗೆಯುವುದು. ಮತ್ತೆ ಊರಿಗೆ ಬಂದು ಆಮೇಲೆ ಡ್ಯೂಟಿಗೆ. ಒಂದು ಕ್ಯಾಮೆರಾ ಬಾಡಿ, 150-600 ಎಂಎಂ ಲೆನ್ಸ್, ಟ್ರೈಪಾಡ್ ಇದೆ. ಟ್ರೈಪಾಡ್ ಮೇಲೆ ಭಾರದ ಲೆನ್ಸನ್ನು ಸಲೀಸಾಗಿ ತಿರುಗಿಸುವ ಗಿಂಬಲ್ ಹೆಡ್ ತಗೊಳ್ಳಬೇಕಾ? ಇಂಜೆಕ್ಷನ್ ಏನಾದರೂ ಇದೆಯಾ? ಊರಿನ ಮಳೆಗೆ ಲೆನ್ಸ್ ಬೂಸ್ಟು ಹಿಡಿಯದ ಹಾಗೆ ಏನು ಮಾಡಲಿ?

ಉತ್ತರ (ವನ್ಯಜೀವಿ ಛಾಯಾಗ್ರಾಹಕರು, ಶಿವಮೊಗ್ಗ):
ಮೊದಲು ಇಂಜೆಕ್ಷನ್ ವಿಷಯ ಮುಗಿಸಿ ಮಾರಾಯ್ರೇ, ಉಳಿದದ್ದೆಲ್ಲ ಆಮೇಲೆ. ಕೀನ್ಯಾದಿಂದ ಭಾರತಕ್ಕೆ ಬರುವವರು ಹಳದಿ ಜ್ವರದ ಲಸಿಕೆಯ ಕಾರ್ಡ್ ತೋರಿಸಬೇಕು. ಲಸಿಕೆ ಹಾಕಿಸಿ 10 ದಿನ ಆದ ಮೇಲಷ್ಟೇ ಕಾರ್ಡಿಗೆ ಬೆಲೆ. ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಮಾತ್ರ ಹಾಕಿಸಿ, ಬೇರೆ ಕಡೆಯ ಸರ್ಟಿಫಿಕೇಟ್ ನಡೆಯುವುದಿಲ್ಲ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಮೊಟ್ಟೆ ಅಲರ್ಜಿ ಇದ್ದರೆ ಅಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ. ಮಲೇರಿಯಾ ಮಾತ್ರೆ ಯಾವುದು ಅಂತ ಅದೇ ಡಾಕ್ಟರನ್ನು ಕೇಳಿ, ಅದನ್ನು ಹೊರಡುವ ಮೊದಲೇ ಶುರು ಮಾಡಬೇಕು. 2024ರಿಂದ ಕೀನ್ಯಾಕ್ಕೆ ವೀಸಾ ಬದಲು ಇಟಿಎ (ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿ), ಆನ್‌ಲೈನಿನಲ್ಲೇ ಅರ್ಜಿ.

ಟ್ರೈಪಾಡ್ ಮನೆಯಲ್ಲಿ ಬಿಡಿ, ಗಿಂಬಲ್ ದುಡ್ಡು ಉಳಿಸಿ. ಮಾರಾದಲ್ಲಿ ಗಾಡಿಯಿಂದ ಇಳಿಯುವ ಹಾಗಿಲ್ಲ, ಗಾಡಿಯೊಳಗೆ ಟ್ರೈಪಾಡ್ ಬಿಡಿಸಲು ಜಾಗವೂ ಇಲ್ಲ. ಬೇಕಾದ್ದು ಬೀನ್ ಬ್ಯಾಗ್, ಅಂದರೆ ಲೆನ್ಸ್ ಊರಿ ಕೂರಿಸುವ ಕಾಳಿನ ಚೀಲ. ಖಾಲಿ ಚೀಲ ಒಯ್ದು ಅಲ್ಲೇ ಅಕ್ಕಿಯೋ ಕಾಳೋ ತುಂಬಿಸಿಕೊಳ್ಳಿ. ಮುಕ್ಕಾಲು ಭಾಗ ಮಾತ್ರ ತುಂಬಿ. ಬಿಗಿಯಾಗಿ ತುಂಬಿದರೆ ಲೆನ್ಸ್ ಕೂರುವ ಬದಲು ಉರುಳುತ್ತದೆ. ಎಂಜಿನ್ ಆಫ್ ಮಾಡಲು ಡ್ರೈವರಿಗೆ ಹೇಳಿ, ಆ ನಡುಕಕ್ಕೆ 600 ಎಂಎಂನಲ್ಲಿ ಯಾವ ಬೀನ್ ಬ್ಯಾಗೂ ಸಾಲದು.

ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಹೋಗುವುದಾದರೆ ಕೈಚೀಲ ಸೇರಿ 15 ಕೆ.ಜಿ. ಮಿತಿ, ಅದೂ ಮೆತ್ತನೆ ಬ್ಯಾಗ್ ಆಗಬೇಕು. ಗಾಲಿಯ ಗಟ್ಟಿ ಸೂಟ್‌ಕೇಸ್ ಬೇಡ. ಟ್ರೈಪಾಡ್ ಬಿಟ್ಟು ಉಳಿದ ತೂಕದಲ್ಲಿ ಇನ್ನೊಂದು ಬಾಡಿ ಬಾಡಿಗೆಗೆ ತೆಗೆದುಕೊಂಡು ಅದಕ್ಕೆ 70-200 ಲೆನ್ಸ್ ಹಾಕಿ. ಆನೆ ಗಾಡಿಯ ಪಕ್ಕಕ್ಕೇ ಬಂದಾಗ 150 ಕೂಡ ಹೆಚ್ಚಾಗುತ್ತದೆ, ಆ ದೂಳಿನಲ್ಲಿ ಲೆನ್ಸ್ ಬದಲಿಸಿದರೆ ಸೆನ್ಸರ್ ತುಂಬ ಚುಕ್ಕೆ. ಬ್ಯಾಟರಿ, ಪವರ್ ಬ್ಯಾಂಕ್ ಎಲ್ಲ ಕೈಚೀಲದಲ್ಲೇ ಇರಲಿ. ಮಸ್ಕತ್‌ನ ಮೂರು ಚಪ್ಪಟೆ ಪಿನ್ನಿನ ಪ್ಲಗ್ ಕೀನ್ಯಾದಲ್ಲಿ ಸೀದಾ ಕೂರುತ್ತದೆ, ನಮ್ಮ ದುಂಡು ಪಿನ್ ಕೂರುವುದಿಲ್ಲ. ಬೆಂಗಳೂರಿನಿಂದ ಹೊರಡುವಾಗ ಕಸ್ಟಮ್ಸ್‌ನಲ್ಲಿ ಕ್ಯಾಮೆರಾ, ಲೆನ್ಸ್‌ಗಳ ಸೀರಿಯಲ್ ನಂಬರ್ ಬರೆಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ, ವಾಪಸ್ ಬರುವಾಗ ಸುಂಕದ ಮಾತು ಬರುವುದಿಲ್ಲ.

ಮರುಪ್ರಶ್ನೆ:
ಥ್ಯಾಂಕ್ಸ್ ಸರ್. ಮನೆಯಲ್ಲಿರುವ ಮೂರು ವಾರದಲ್ಲಿ ಅಭ್ಯಾಸಕ್ಕೆ ಎಲ್ಲಿಗೆ ಹೋಗಲಿ? ಮಳೆ ಬೇರೆ.

ಉತ್ತರ (ಅವರೇ):
ಮಂಡಗದ್ದೆ ಪಕ್ಷಿಧಾಮ ನಿಮ್ಮ ಶಿವಮೊಗ್ಗ ದಾರಿಯಲ್ಲೇ ಇದೆಯಲ್ಲ. ಜುಲೈಯಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುತ್ತಿರುತ್ತವೆ. ಕಡ್ಡಿ ಕಚ್ಚಿಕೊಂಡು ಹಾರುವ ಹಕ್ಕಿಯನ್ನು 1/2500 ಸೆಕೆಂಡಿನ ಶಟರಿನಲ್ಲಿ ಹಿಂಬಾಲಿಸಿ. ಮೋಡದ ಬೆಳಕಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ದಾಟಿದರೆ ಹೆದರಬೇಡಿ, ಮಾರಾದ ಬೆಳಗಿನ ಆರೂವರೆಗೂ ಅಷ್ಟೇ ಬೇಕು. ಕಪ್ಪು ಮರದ ಮುಂದೆ ಬೆಳ್ಳಕ್ಕಿಗೆ ಎಕ್ಸ್‌ಪೋಷರ್ -0.7ರಿಂದ -1ಕ್ಕೆ ಇಳಿಸದಿದ್ದರೆ ರೆಕ್ಕೆಯ ಗೆರೆಗಳೆಲ್ಲ ಸುಟ್ಟು ಬಿಳಿ ಕಾಗದ. ಮಾರಾದಲ್ಲಿ ಇದರ ಉಲ್ಟಾ: ಬಿಳಿ ಆಕಾಶದ ಎದುರು ಕಪ್ಪು ವೈಲ್ಡ್‌ಬೀಸ್ಟ್ (ದನದಂಥ ಹುಲ್ಲೆ), +0.7 ಬೇಕು. ಎಕ್ಸ್‌ಪೋಷರ್ ಏರಿಳಿಸುವ ಗುಂಡಿ ಕಣ್ಣು ವ್ಯೂಫೈಂಡರಿನಲ್ಲಿರುವಾಗಲೇ ಬೆರಳಿಗೆ ಸಿಗಬೇಕು, ಅಭ್ಯಾಸ ಅಂದರೆ ಮುಖ್ಯವಾಗಿ ಇದೇ.

ಶಿವಮೊಗ್ಗ ಹತ್ತಿರದ ತ್ಯಾವರೆಕೊಪ್ಪ ಹುಲಿ-ಸಿಂಹ ಸಫಾರಿಗೂ ಒಮ್ಮೆ ಹೋಗಿ, ಗಾಡಿಯಿಂದ ಸಿಂಹ ತೆಗೆಯುವ ರೂಢಿಯಾಗುತ್ತದೆ. ಜಾಲರಿ ಅಡ್ಡ ಬಂದರೆ ಲೆನ್ಸನ್ನು ಅದಕ್ಕೆ ಆದಷ್ಟು ಹತ್ತಿರ ತಂದು ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಪೂರ್ತಿ ತೆರೆಯಿರಿ.

ಮಾರಾದಲ್ಲಿ ಬೆಳಗ್ಗೆ ಹತ್ತರ ಮೇಲೆ ದೂರದ ಪ್ರಾಣಿಯ ಚಿತ್ರ ಮಸುಕಾಗಿ ಬಂದರೆ ಲೆನ್ಸನ್ನು ಬೈಯಬೇಡಿ. ಕಾದ ನೆಲದಿಂದ ಏಳುವ ಗಾಳಿ ಅದು, ಶಟರ್ ಎಷ್ಟು ಏರಿಸಿದರೂ ಹೋಗುವುದಿಲ್ಲ. ಹತ್ತಿರ ಹೋಗಿ, ಇಲ್ಲವೇ ಆ ಹೊತ್ತಿನಲ್ಲಿ ಮೆಮೊರಿ ಕಾರ್ಡ್ ಖಾಲಿ ಮಾಡಿ. ಸೆಕೆಂಡಿಗೆ 20 ಚಿತ್ರ, ಒಂದೊಂದು 25 ಎಂಬಿ ಅಂದರೆ ಸೆಕೆಂಡಿಗೆ 500 ಎಂಬಿ. ವೈಲ್ಡ್‌ಬೀಸ್ಟ್ ಹಿಂಡು ನದಿ ದಾಟುವುದು ಶುರುವಾದಾಗ 128 ಜಿಬಿ ಕಾರ್ಡ್ ಯಾವ ಮೂಲೆಗೂ ಸಾಲದು.

ಉತ್ತರ (ಕ್ಯಾಮೆರಾ ರಿಪೇರಿಯವರು, ಸಾಗರ):
ಬೂಸ್ಟಿನ ಪ್ರಶ್ನೆಗೆ ನಾನು ಹೇಳುತ್ತೇನೆ. ಉದ್ದವಾಗುವ ಜೂಮ್ ಲೆನ್ಸ್ ಪ್ರತಿ ಸಲ ಗಾಳಿ ಒಳಗೆಳೆದುಕೊಳ್ಳುತ್ತದೆ, ಜೊತೆಗೆ ದೂಳು. ಆ ದೂಳಿಗೆ ನಮ್ಮ ಆಷಾಢದ ತೇವ ಸೇರಿದರೆ ಫಂಗಸ್. ಆದ್ದರಿಂದ ಮಾರಾದಲ್ಲಿ ದಿನಾ ಸಂಜೆ ಲೆನ್ಸನ್ನು ಪೂರ್ತಿ ಉದ್ದ ಮಾಡಿ, ಕೊಳವೆಯನ್ನು ಬ್ಲೋವರಿನಿಂದ ಊದಿ, ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಮಡಚಿ. ಒರೆಸದೆ ಮಡಚಿದರೆ ದೂಳು ಒಳಗೇ ಹೋಯಿತು.

ಮನೆಯಲ್ಲಿ ಕ್ಯಾಮೆರಾ ಬ್ಯಾಗಿನೊಳಗೆ ಇಡಬೇಡಿ, ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, ಒಳಗೆ ಕಾಲು ಕೆ.ಜಿ. ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಮುಳ್ಳು ಶೇಕಡಾ 40-50ರ ನಡುವೆ ಇರಲಿ. ನೀಲಿ ಹರಳು ಗುಲಾಬಿಯಾದರೆ 110-120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ. ಸಿಲಿಕಾ ಬದಲು ಅಕ್ಕಿ ಹಾಕಬೇಡಿ, ಹಿಟ್ಟು ಬಟನ್ ಸಂದಿಗೆ ಇಳಿಯುತ್ತದೆ. ಬಚ್ಚಲು ಒಲೆಯ ಮೇಲೆ ಬೆಚ್ಚಗಿರುತ್ತದೆ ಅಂತ ಇಡುವವರೂ ಇದ್ದಾರೆ: ಗಾಜಿಗೆ ಹೊಗೆಯ ಜಿಡ್ಡು, ಒಳಗಿನ ಗ್ರೀಸ್ ಕರಗಿ ಅಪರ್ಚರ್ ಎಲೆಗಳಿಗೆ. ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರಗೆ ತೆಗೆಯಬೇಡಿ, ಅರ್ಧ ಗಂಟೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ; ನೀರಿನ ಪಸೆ ಚೀಲದ ಹೊರಗೆ ಕೂರುತ್ತದೆ, ಗಾಜಿನ ಮೇಲಲ್ಲ.

ಉತ್ತರ (ಛಾಯಾಗ್ರಾಹಕರು):
ಆ ಚೀಲ ಊರಿಗೆ ಮಾತ್ರ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, ಅಲ್ಲಿಗೆ ಸಾಮಾನು ಹಾಕಲು ಬಟ್ಟೆ ಚೀಲ ಒಯ್ಯಿರಿ.

ಮರುಪ್ರಶ್ನೆ:
ಡ್ರೋನ್?

ಉತ್ತರ:
ಬೇಡ. ಅನುಮತಿ ಇಲ್ಲದೆ ಒಯ್ದರೆ ನೈರೋಬಿಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.