ಅಪ್‌ಡೇಟ್: ಪಿಎಚ್‌ಪಿ 8ರಲ್ಲಿ ನಿಂತಿದ್ದ ಬಿಲ್ಲಿಂಗ್ ಈಗ ನಡೀತಿದೆ

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಬಗ್ಗೆ ಮೊದಲು ಇಲ್ಲಿ ಕೇಳಿದ್ದೆ. ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ 7.4 ಆವೃತ್ತಿಯಲ್ಲಿ ಬರೀ ವಾರ್ನಿಂಗ್ ಕೊಡುತ್ತಿದ್ದ ಕೋಡ್, 8.0ಕ್ಕೆ ಹೋದ ಕೂಡಲೇ ಫೇಟಲ್ ಎರರ್ ಕೊಟ್ಟು ನಿಂತುಬಿಟ್ಟಿತ್ತು. ಈಗ ಸರಿಹೋಗಿದೆ.

ಇಲ್ಲಿ ಉತ್ತರ ಕೊಟ್ಟ ಧಾರವಾಡದ ಅಕ್ಕಾವ್ರು ಹೇಳಿದ್ದೇ ತೊಂದರೆಗೆ ಕಾರಣ. ಪೇರೆಂಟ್ ಕ್ಲಾಸಿನಲ್ಲಿ (ಮೂಲ ಕೋಡ್ ಘಟಕ) ಮೊತ್ತ ಲೆಕ್ಕ ಹಾಕುವ ಮೆಥಡ್‌ಗೆ (ಒಂದು ಕೆಲಸ ಮಾಡುವ ಕೋಡ್ ತುಣುಕು) ಇರುವುದು ಒಂದೇ ಪ್ಯಾರಾಮೀಟರ್, ಅಂದರೆ ಅದಕ್ಕೆ ಕೊಡುವ ಮಾಹಿತಿ: ಚೀಲಗಳ ಪಟ್ಟಿ. ಅದರಿಂದ ಹುಟ್ಟಿದ ಚೈಲ್ಡ್ ಕ್ಲಾಸಿನಲ್ಲಿ ಆ ಮೆಥಡನ್ನು ಓವರ್‌ರೈಡ್ ಮಾಡುವಾಗ, ಅಂದರೆ ಅದೇ ಹೆಸರಲ್ಲಿ ಮತ್ತೆ ಬರೆಯುವಾಗ, ಹಮಾಲಿ ಅಂತ ಇನ್ನೊಂದು ಸೇರಿತ್ತು, ಅದೂ ಕಡ್ಡಾಯವಾಗಿ. ಪೇರೆಂಟ್‌ನ ಮೆಥಡ್ ಅಂದುಕೊಂಡು ಪಟ್ಟಿ ಮಾತ್ರ ಕೊಟ್ಟು ಕರೆದರೆ ಚೈಲ್ಡ್ ಕೈಕೊಡುತ್ತದೆ ಅಲ್ವಾ? ಇಂಥ ಸಾಮಾನ್ಯ ಮೆಥಡ್‌ಗಳನ್ನು 7.4 ಎಚ್ಚರಿಸಿ ಬಿಟ್ಟುಬಿಡುತ್ತಿತ್ತು. 2020ರ ನವೆಂಬರ್‌ನಲ್ಲಿ ಬಂದ 8.0 ಬಿಡುವುದಿಲ್ಲ. ಕ್ಲಾಸ್ ಲೋಡ್ ಆಗುವಾಗಲೇ ತಡೆಯುತ್ತದೆ, ಆ ಮೆಥಡನ್ನು ಯಾರೂ ಕರೆಯದಿದ್ದರೂ ಸರಿ. ಎರರ್ ಹಿಡಿಯುವ ಟ್ರೈ-ಕ್ಯಾಚ್ ಹಾಕಿದರೂ ಉಪಯೋಗವಿಲ್ಲ. ಈ ಬಿಗಿ ನನಗಂತೂ ಇಷ್ಟವಾಯಿತು. ದುಡ್ಡಿನ ಲೆಕ್ಕದಲ್ಲಿ ವಾರ್ನಿಂಗ್ ಸಾಲದು.

ಹಮಾಲಿಗೆ ಸೊನ್ನೆ ಅಂತ ಡಿಫಾಲ್ಟ್ ಬೆಲೆ ಕೊಟ್ಟೆ, ಅಷ್ಟೇ. ಚೈಲ್ಡ್‌ನಲ್ಲಿ ಹೆಚ್ಚಿನ ಪ್ಯಾರಾಮೀಟರ್ ಇರಬಹುದು, ಆದರೆ ಅದು ಐಚ್ಛಿಕವಾಗಿರಬೇಕು. ಹಮಾಲಿ ಹಾಕಲೇಬೇಕಾದ ಬಿಲ್‌ಗಳಲ್ಲಿ ಅದನ್ನು ಮರೆಯದೇ ಕಳಿಸುತ್ತಿದ್ದೇವಾ ಅಂತ ಎಲ್ಲಾ ಕಡೆ ನೋಡಿಕೊಂಡೆ. ಡಿಫಾಲ್ಟ್ ಇದ್ದರೆ ಬಿಟ್ಟುಹೋಗಿದ್ದು ಗೊತ್ತೇ ಆಗುವುದಿಲ್ಲ!

ಈ ತಪಾಸಣೆ ಎಲ್ಲಾ ಮೆಥಡ್‌ಗಳಿಗೂ ಇದೆಯಾ ಅಂತ ಗದಗದ ತಮ್ಮ ಕೇಳಿದ್ದಕ್ಕೆ: ಪ್ರೈವೇಟ್ ಮೆಥಡ್‌ಗಳಿಗೆ (ಆ ಕ್ಲಾಸಿನೊಳಗೆ ಮಾತ್ರ ಬಳಸುವಂಥವು) ಇಲ್ಲ. ಆಬ್ಜೆಕ್ಟ್ ಹುಟ್ಟುವಾಗ ಓಡುವ ಮಾಮೂಲಿ ಕನ್‌ಸ್ಟ್ರಕ್ಟರ್‌ಗೂ ಇಲ್ಲ, ಸುಮ್ನೆ ಅದನ್ನು ತಿದ್ದಲು ಹೋಗಬೇಡ. 8.3ರಲ್ಲಿ ಓವರ್‌ರೈಡ್ ಅನ್ನುವ ಆಟ್ರಿಬ್ಯೂಟ್ (ಕೋಡ್‌ಗೆ ಹಚ್ಚುವ ಗುರುತು) ಬಂದಿದೆ. ಪೇರೆಂಟ್‌ನಲ್ಲಿ ಮೆಥಡ್‌ನ ಹೆಸರು ಬದಲಾದರೆ ಅದೇ ಹಿಡಿದುಕೊಡುತ್ತದೆ. ಸರ್ವರ್ 8.3ಕ್ಕೆ ಹೋದಮೇಲೆ ಬಿಲ್ ಕ್ಲಾಸುಗಳಿಗೆಲ್ಲ ಅದನ್ನು ಹಾಕುತ್ತೇನೆ.